ಗವಸಿಲ್ಲದ ಗುಂಪು

ಯಂತ್ರ ಅವಳನ್ನು ಒಪ್ಪಲಿಲ್ಲ.

ವಿಶ್ವವಿದ್ಯಾಲಯದ ಹಿಂಬಾಗಿಲಿನ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಡಬ್ಬಿ ಅದು. ಬೆರಳಿಟ್ಟು ಹಸಿರು ದೀಪ ಬಂದರೆ ಹಾಜರಿ. ಇಲ್ಲದಿದ್ದರೆ ಕೆಂಪು ದೀಪ, ಜೊತೆಗೆ 'ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ' ಎಂಬ ಹೆಣ್ಣು ದನಿ. ಆ ದನಿಗೆ ಎಂದೂ ಸಿಟ್ಟು ಬರುವುದಿಲ್ಲ. ಸಿಟ್ಟು ಬರುವುದೆಲ್ಲ ಹಿಂದೆ ಸಾಲು ನಿಂತವರಿಗೆ. ಅವಳು ಹೆಬ್ಬೆರಳನ್ನು ಕೋಟಿಗೆ ತಿಕ್ಕಿದಳು. ಬಾಯಿಯ ಹಬೆ ಊದಿದಳು. ತೋರುಬೆರಳು ಇಟ್ಟಳು. ಎಡಗೈ ಹೆಬ್ಬೆರಳು ಇಟ್ಟಳು. ಕೆಂಪು, ಕೆಂಪು, ಕೆಂಪು.

"ಆಚೆ ಸರಿ ಮಹಾತಾಯಿ," ಎಂದ ಮೇಸ್ತ್ರಿ. "ನಿನ್ನೊಬ್ಬಳಿಗೋಸ್ಕರ ಎಲ್ಲರೂ ಕಾಯ್ತಾ ನಿಂತ್ಕೋಬೇಕಾ?"

"ನೀವೇ ನೋಡ್ತಿದೀರಲ್ಲ ಮೇಸ್ತ್ರಿ. ಬಂದಿದಾಳೆ ಅಂತ ಹಾಕ್ಕೊಳ್ಳಿ."

"ನಾನು ನೋಡಿ ಏನು ಬಂತು? ಮಿಷನ್ ನೋಡ್ಬೇಕು."

ಹೀಗೆ ಅವಳು ಬಂದೂ ಬಾರದವಳಾದಳು. ಬಾರದವಳು ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದಳು. ಬಾರದವಳು ಸಂಜೆಯವರೆಗೆ ಕಕ್ಕಸು ತೊಳೆದಳು. ದಿನ ಬಿಟ್ಟು ದಿನ ಇದೇ ಹಾಡು. ಓದಿನ ವರ್ಷ ಮುಗಿದ ಮೇಲೆ ಗುತ್ತಿಗೆ ಹೊಸದಾಗುತ್ತದೆ, ಆಗ ಮಿಷನ್ ಹಿಡಿಯದ ಬೆರಳಿನವರನ್ನು ತೆಗೆದು ಹಾಕಬೇಕೆಂದು ಕಂಪನಿಯಿಂದ ಮಾತು ಬಂದಿತ್ತು. ಅಂಥ ಬೆರಳಿನವಳು ಅವಳೊಬ್ಬಳೇ.

ಆ ಕಟ್ಟಡದಲ್ಲಿ ಗುಡಿಸಿ ತೊಳೆಯುವವರನ್ನು ಮಹಡಿಯ ಲೆಕ್ಕದಲ್ಲೇ ಕರೆಯುವುದು. ಅವಳು ಮೂರನೇ ಮಹಡಿ. ಅವಳ ಓರಗಿತ್ತಿ, ಮೈದುನನ ಹೆಂಡತಿ, ಮೊದಲನೇ ಮಹಡಿ. ಮೂರನೇ ಮಹಡಿಗೆ ದೊಡ್ಡವರೆಲ್ಲ ಬರುತ್ತಾರೆ. ಅಲ್ಲಿನ ಗಡಸು ನೀರು ಮಾತ್ರ ದೊಡ್ಡವರ ಮುಖ ನೋಡುವುದಿಲ್ಲ. ಕಮೋಡಿನಲ್ಲಿ ಹಳದಿ ಕಟ್ಟುತ್ತದೆ. ಕಟ್ಟಿದ ಹಳದಿ ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ರಶ್ಶಿಗೂ ಜಗ್ಗುವುದಿಲ್ಲ. ಆಸಿಡ್ ಸುರಿಯಬೇಕು. ಹೊಗೆ ಏಳುತ್ತದೆ, ಕಣ್ಣಲ್ಲಿ ನೀರು ಇಳಿಯುತ್ತದೆ. ಉಸಿರು ಬಿಗಿ ಹಿಡಿದು, ಸೊಂಟ ಬಗ್ಗಿಸಿ, ಒಳಗಿನ ತಿರುವಿನವರೆಗೆ ಕೈ ಇಳಿಸಿ ನಾರು ಹಿಡಿದು ತಿಕ್ಕಬೇಕು. ಮೊದಲು ಉಗುರ ಸುತ್ತ ಸುಲಿಯುತ್ತದೆ. ಆಮೇಲೆ ಬೆರಳ ತುದಿ ನುಣ್ಣಗಾಗುತ್ತದೆ. ಆಮೇಲೆ ಅಂಗೈ ಬಿರಿಯುತ್ತದೆ. ಹುಟ್ಟುವಾಗ ತಂದ ಗೆರೆಗಳನ್ನೆಲ್ಲ ಅವಳು ಆ ತಿರುವುಗಳಲ್ಲಿ ಬಿಟ್ಟುಬಂದಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಗಾದೆ ಕಟ್ಟಿದವನು ಆಸಿಡ್ ಕಂಡಿರಲಿಲ್ಲ.

ಗ್ಲೌಸ್ ಕೇಳಿದರೆ ಮೇಸ್ತ್ರಿಯದು ಒಂದೇ ಉತ್ತರ. "ಬಂದಿಲ್ಲ." ಕೆಲಸಕ್ಕೆ ಸೇರಿದ ದಿನವೂ ಬಂದಿರಲಿಲ್ಲ.

ಮನೆ ಎಂದರೆ ಒಂದು ಕೋಣೆ, ಅದರಲ್ಲಿ ಗಂಡ ಬಿಟ್ಟ ಮಗಳು, ಮಗಳ ಕೂಸು. ಮೂರು ಹೊಟ್ಟೆಗೆ ಇವಳದೇ ದುಡಿಮೆ. ಕೂಸಿನ ಬೆನ್ನು ಸವರಿದರೆ ಕಿಟಾರನೆ ಕಿರುಚುತ್ತದೆ. "ಮುಟ್ಟಬೇಡಮ್ಮಾ, ಗೀರು ಬೀಳುತ್ತೆ," ಎಂದು ಮಗಳು ಒಮ್ಮೆ ಹೇಳಿದ್ದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಗೀರು ಬಿದ್ದದ್ದು ನಿಜವೇ. ಅಂದಿನಿಂದ ಅವಳು ಕೂಸನ್ನು ಮೊಣಕೈಗಳ ನಡುವೆ ಎತ್ತಿಕೊಳ್ಳುತ್ತಾಳೆ, ಅಂಗೈಗಳನ್ನು ಆಚೆ ತಿರುಗಿಸಿಕೊಂಡು.

ಮೂರನೇ ಮಹಡಿಯಲ್ಲಿ ಆ ವರ್ಷ ಹೊಸ ಪಾಠವೊಂದು ಶುರುವಾಗಿತ್ತು. ಹೆಸರು 'ಜಗತ್ತಿನ ಸವಾಲುಗಳು ಮತ್ತು ನಮ್ಮ ಹೊಣೆ'. ಇಂಜಿನಿಯರಿಂಗ್ ಓದುವವರು, ಡಾಕ್ಟರಿಕೆ ಓದುವವರು, ಕಾನೂನಿನವರು, ಚಿತ್ರ ಬರೆಯುವವರು, ಎಲ್ಲರೂ ಒಂದೇ ಮೇಜಿನ ಸುತ್ತ. ಒಂದೊಂದೇ ಶಾಸ್ತ್ರದಿಂದ ಲೋಕದ ಕಷ್ಟ ಬಗೆಹರಿಯುವುದಿಲ್ಲ, ಎಲ್ಲ ಶಾಸ್ತ್ರವೂ ಕೂಡಬೇಕು ಎನ್ನುವುದು ಅದರ ಸಾರ. ಗೋಡೆಯ ತುಂಬ ಚಿತ್ರಗಳು. ಹಸಿವು, ಬಿಸಿಲು, ಉಕ್ಕುವ ಸಮುದ್ರ, ಗಡಿ ದಾಟುವ ಜನ. ಅವಳು ಹಸಿವಿನ ಕೆಳಗೆ ಗುಡಿಸಿ, ಸಮುದ್ರದ ಕೆಳಗೆ ಒರೆಸಿ ಹೋಗುತ್ತಿದ್ದಳು. ಪಾಠದ ಮೇಡಂ ಮಾತಿಗೆ ಹತ್ತು ಸಲ 'ಸವಾಲು' ಅನ್ನುತ್ತಿದ್ದರಿಂದ ಗುಡಿಸುವವರೆಲ್ಲ ಆಕೆಗೆ ಸವಾಲು ಮೇಡಂ ಎಂದೇ ಹೆಸರಿಟ್ಟಿದ್ದರು. ಒಳ್ಳೆಯ ಹೆಂಗಸು. ಎದುರು ಸಿಕ್ಕರೆ ನಗುತ್ತಿದ್ದಳು, ಒದ್ದೆ ನೆಲದ ಮೇಲೆ ಕಾಲಿಡದೆ ಬಳಸಿ ಹೋಗುತ್ತಿದ್ದಳು. ಅಷ್ಟು ಮರ್ಯಾದೆ ಅಲ್ಲಿ ಬೇರೆ ಯಾರಿಂದಲೂ ಸಿಕ್ಕಿರಲಿಲ್ಲ.

ಒಂದು ದಿನ ಡಾಕ್ಟರಿಕೆ ಓದುವ ಹುಡುಗಿ ಬೇಸಿನ್ನಿನ ಹತ್ತಿರ ಮುಖ ತೊಳೆಯುತ್ತಿದ್ದವಳು ಪಕ್ಕದಲ್ಲಿ ನಲ್ಲಿ ಒರೆಸುತ್ತಿದ್ದ ಕೈ ನೋಡಿ ಬೆಚ್ಚಿಬಿದ್ದಳು.

"ಅಯ್ಯೋ ಅಮ್ಮಾ, ಏನಿದು ನಿಮ್ಮ ಕೈ!"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹುಡುಗಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೇಸಲಿಲ್ಲ. ಮೂರನೇ ಮಹಡಿಯವಳ ಹಾಳು ಕಣ್ಣು, ಆಸಿಡ್ ಇಲ್ಲದೆಯೂ ತುಂಬಿಕೊಂಡಿತು. ತನಗೂ ಒಂದು ಕಾಲ ಬಂತು ಅಂದುಕೊಂಡಳು.

ಮರುವಾರ ಅವಳನ್ನು ಆ ಮೇಜಿನ ಹತ್ತಿರ ಕೂರಿಸಿದರು. ಕುರ್ಚಿ ಕೊಟ್ಟರು. ನೀರಿನ ಬಾಟಲಿ ಇಟ್ಟರು. ಕೈ ಚಾಚಿ ಅಂದರು, ಚಾಚಿದಳು. ಎಲ್ಲ ಶಾಸ್ತ್ರವೂ ಬಗ್ಗಿ ನೋಡಿತು. ಇಂಜಿನಿಯರಿಂಗ್ ಹುಡುಗ ಬೆರಳಿನ ಗೆರೆ ಹುಡುಕಿದ. ಡಾಕ್ಟರ್ ಹುಡುಗಿ ಬಿರುಕು ಅಳೆದಳು. ಕಾನೂನು ಹುಡುಗ ಇದರಲ್ಲಿ ಎಷ್ಟು ಹಕ್ಕು ಮುರಿದಿದೆ ಎಂದು ಬರೆದುಕೊಂಡ. ಚಿತ್ರದ ಹುಡುಗಿ ಕಿಟಕಿಯ ಪರದೆ ಸರಿಸಿ, "ಕೈ ಸ್ವಲ್ಪ ಬೆಳಕಿಗೆ ಹಿಡೀರಿ ಅಮ್ಮ," ಎಂದು ಫೋಟೋದ ಮೇಲೆ ಫೋಟೋ ತೆಗೆದಳು.

"ನಿಮಗೆ ಹೇಗನ್ಸುತ್ತೆ, ಹೇಳಿ," ಎಂದಳು ಸವಾಲು ಮೇಡಂ.

"ಅನ್ಸೋದೇನಿದೆ ಮೇಡಂ? ಮಿಷನ್ ನನ್ನ ಬೆರಳು ಹಿಡಿಯಲ್ಲ. ಬಂದ್ರೂ ಬಂದಿಲ್ಲ ಅಂತ ಆಗುತ್ತೆ. ವರ್ಷ ಮುಗಿದ್ಮೇಲೆ ತೆಗೆದು ಹಾಕ್ತಾರಂತೆ. ಮೇಸ್ತ್ರಿಗೆ ನೀವೊಂದು ಮಾತು ಹೇಳ್ಬೇಕು, ಹಾಜರಿ ಕೈಯಲ್ಲೇ ಬರ್ಕೊಳ್ಳಿ ಅಂತ. ಅಷ್ಟು ಮಾಡಿದ್ರೆ ಸಾಕು. ಮತ್ತೆ ಗ್ಲೌಸು."

ಮೇಡಂ ಕಣ್ಣು ಹೊಳೆಯಿತು. "ಕೇಳಿಸ್ಕೊಂಡ್ರಾ?" ಎಂದು ಹುಡುಗರ ಕಡೆ ತಿರುಗಿದಳು. "ತಂತ್ರಜ್ಞಾನ, ಆರೋಗ್ಯ, ಕಾನೂನು, ಘನತೆ, ಎಲ್ಲ ಒಂದೇ ಬೆರಳಲ್ಲಿ! ನಮ್ಮ ಸವಾಲು ಇದೇ."

ಒಪ್ಪಿಗೆ ಪತ್ರ ಬಂತು. ಶಾಯಿಗೆ ಒತ್ತಿ ಹೆಬ್ಬೆಟ್ಟು ಹಾಕಿದಳು. ಗೆರೆ ಮೂಡಲಿಲ್ಲ, ಕರಿ ಮಚ್ಚೆಯೊಂದು ಬಿತ್ತು. "ಪರವಾಗಿಲ್ಲ, ಸಾಕು," ಅಂದರು. ಗೋಡೆಯ ಡಬ್ಬಿಗೆ ಆಗದ ಹೆಬ್ಬೆರಳು ಇವರ ಕಾಗದಕ್ಕೆ ಆಗಿಬಂತು.

ಗವಸು ಬಂತು. ನಿಜವಾಗಿಯೂ ಬಂತು. ಮೊಣಕೈವರೆಗೆ ಬರುವ ದಪ್ಪ ಹಳದಿ ಗವಸು, ಪೆಟ್ಟಿಗೆ ತುಂಬ. ಇಡೀ ವಿಶ್ವವಿದ್ಯಾಲಯದ ಗುಡಿಸುವ ಹೆಂಗಸರನ್ನೆಲ್ಲ ಸಭಾಂಗಣದಲ್ಲಿ ನಿಲ್ಲಿಸಿ, ಬುಟ್ಟಿಯಿಂದ ಚೀಟಿ ಎತ್ತಿಸಿದರು. ಓರಗಿತ್ತಿಗೆ ಹಳದಿ ಚೀಟಿ ಬಂತು. ಅವಳಿಗೆ ಬಿಳಿ. ಹಳದಿಯವರು ಬಲಕ್ಕೆ, ಬಿಳಿಯವರು ಎಡಕ್ಕೆ ಅಂದರು. ಬಲದವರ ಕೈಗೆ ಗವಸು ಕೊಟ್ಟರು. ಎಡದವರ ಕೈಗಳ ಫೋಟೋ ತೆಗೆದುಕೊಂಡು, ಇನ್ನು ಹೋಗಿ ಅಂದರು.

ಅವಳು ಹೋಗಲಿಲ್ಲ. "ನನಗೆ ಕೊಡಲಿಲ್ಲ ಮಗಳೇ," ಎಂದಳು ಡಾಕ್ಟರ್ ಹುಡುಗಿಗೆ.

"ನೀವು ಗ್ಲೌಸ್ ಇಲ್ಲದ ಗುಂಪು ಅಮ್ಮ."

"ಅಂದ್ರೆ?"

"ಅರ್ಧ ಜನಕ್ಕೆ ಕೊಡ್ತೀವಿ, ಅರ್ಧ ಜನಕ್ಕೆ ಕೊಡಲ್ಲ. ಆಮೇಲೆ ಎರಡೂ ಗುಂಪಿನ ಕೈ ಹೋಲಿಸಿ ನೋಡ್ತೀವಿ. ಆಗ ಗ್ಲೌಸಿಂದ ಉಪಯೋಗ ಆಗುತ್ತೆ ಅಂತ ಗೊತ್ತಾಗುತ್ತೆ."

"ಗೊತ್ತಾಗೋದೇನಿದೆ ತಾಯಿ? ಕೊಡೆ ಹಿಡಿದ್ರೆ ನೆನೆಯಲ್ಲ ಅಂತ ಯಾರಾದ್ರೂ ಅರ್ಧ ಜನನ್ನ ಮಳೇಲಿ ನಿಲ್ಲಿಸಿ ನೋಡ್ತಾರಾ?"

ಹುಡುಗಿ ಕೆಂಪಾದಳು. "ನಿಮಗೂ ಕೊಟ್ರೆ ಹೋಲಿಸೋಕೆ ಯಾರಿರ್ತಾರೆ ಅಮ್ಮ? ಮುಗಿದ್ಮೇಲೆ ಎಲ್ಲರಿಗೂ ಕೊಡ್ತೀವಿ. ಪ್ರಾಮಿಸ್."

ಮೇಸ್ತ್ರಿಗೆ ಹೇಳಬೇಕಿದ್ದ ಮಾತಿನ ಕಥೆಯೂ ಅಷ್ಟೇ. ಹೇಳುವ ಹಾಗಿಲ್ಲವಂತೆ. ಅಧ್ಯಯನ ನಡೆಯುವಾಗ ಮಧ್ಯೆ ಕೈ ಹಾಕಿದರೆ ಫಲಿತಾಂಶ ಕೆಡುತ್ತದಂತೆ. ಇವಳ ಹಾಜರಿ ತಪ್ಪುವುದನ್ನು ಅವರು ಎಣಿಸಿಕೊಳ್ಳುತ್ತಿದ್ದರು. ತಪ್ಪದ ಹಾಗೆ ಮಾಡಿಬಿಟ್ಟರೆ ಎಣಿಸುವುದೇನನ್ನು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ಸಂಜೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೋಟು ಬಿಚ್ಚಿಡುವಾಗ ಓರಗಿತ್ತಿ ಬಲಗೈಯ ಗವಸು ತೆಗೆದು ಅವಳ ಬಕೆಟ್ಟಿಗೆ ಹಾಕಿದಳು.

"ನಿನ್ನದು ಕಣೇ ಅದು."

"ಇರಲಿ ಬಿಡಕ್ಕ. ನಿಂಗೊಂದು, ನಂಗೊಂದು. ಬಲಗೈದು ನೀನಿಟ್ಕೊ. ಕೂಸನ್ನ ಎತ್ಕೊಳ್ಳೋಕೆ ಒಂದು ಕೈಯಾದ್ರೂ ನೆಟ್ಟಗಿರ್ಲಿ."

ಹಾಗೆ ಇಬ್ಬರೂ ಒಕ್ಕೈ ಗವಸಿನವರಾದರು. ಓರಗಿತ್ತಿ ಎಡಗೈಯಲ್ಲಿ ತಿಕ್ಕಲು ಕಲಿತಳು. ಇವಳ ಬಲ ಅಂಗೈಯ ಬಿರುಕು ಮೆಲ್ಲಗೆ ಕೂಡಿಕೊಂಡಿತು. ಒಂದು ದಿನ ಬೆಳಿಗ್ಗೆ ಹೆಬ್ಬೆರಳಿಗೆ ಯಂತ್ರ ಹಸಿರು ದೀಪ ತೋರಿಸಿತು. ಅವಳು ಅಲ್ಲೇ ನಿಂತು ನಕ್ಕುಬಿಟ್ಟಳು. ಮೇಸ್ತ್ರಿ ಕೂಡ "ಏನು, ಹೊಸ ಬೆರಳು ಕೊಂಡ್ಕೊಂಡ್ಯಾ?" ಎಂದ. ಆ ರಾತ್ರಿ ಕೂಸಿನ ಬೆನ್ನ ಮೇಲೆ ಬಲಗೈ ಇಟ್ಟಳು. ಕೂಸು ಕಿರುಚಲಿಲ್ಲ.

ಕೈ ಅಳೆಯುವ ದಿನ ಸಿಕ್ಕಿಬಿದ್ದರು. ಗವಸಿಲ್ಲದವಳ ಬಲಗೈ ವಾಸಿಯಾಗಿತ್ತು. ಗವಸಿದ್ದವಳ ಬಲಗೈ ಆಸಿಡ್ ಸಿಡಿದು ಸುಟ್ಟಿತ್ತು. ಹುಡುಗರು ಮುಖ ಮುಖ ನೋಡಿಕೊಂಡರು. ಮೇಡಂ ಬಂದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕುರ್ಚಿ ಎಳೆದುಕೊಂಡು ಎದುರು ಕೂತು, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

"ನೀವು ಪ್ರೀತಿಯಿಂದ ಮಾಡಿದೀರಿ, ನನಗೆ ಅರ್ಥ ಆಗುತ್ತೆ. ಆದ್ರೆ ನೀವಿಬ್ಬರು ಹೀಗೆ ಹಂಚ್ಕೊಂಡ್ರೆ ಲೋಕದಲ್ಲಿರೋ ಸಾವಿರಾರು ಜನಕ್ಕೆ ಸಿಗಬೇಕಾದ್ದು ತಪ್ಪಿ ಹೋಗುತ್ತೆ. ಅವರ ಬಗ್ಗೆನೂ ನಮಗೆ ಹೊಣೆ ಇದೆ ಅಲ್ವಾ?"

"ಆ ಸಾವಿರದಲ್ಲಿ ನಾನಿಲ್ವಾ ಮೇಡಂ?"

ಮೇಡಂ ಅವಳ ಭುಜ ಸವರಿದಳು. ಆಮೇಲೆ ಮೇಸ್ತ್ರಿಯನ್ನು ಕರೆದು ಮಾತಾಡಿದಳು. ಹಾಜರಿಯ ಮಾತನ್ನಲ್ಲ, ಗವಸಿನ ಮಾತನ್ನು. ಬೆಳಿಗ್ಗೆ ಎಣಿಸಿ ಕೊಡಬೇಕು, ಸಂಜೆ ಎಣಿಸಿ ವಾಪಸ್ ತಗೋಬೇಕು, ನಡುವೆ ಯಾರೂ ಯಾರಿಗೂ ಕೊಡದ ಹಾಗೆ ಕಣ್ಣಿಡಬೇಕು. ಮೇಸ್ತ್ರಿ ಆ ಕೆಲಸವನ್ನು ಚೆನ್ನಾಗಿ ಮಾಡಿದ. ಹೆಂಗಸರ ಬಕೆಟ್ಟು ಕವುಚಿ ನೋಡಿದ. ಕೋಟಿನ ಜೇಬಿಗೆ ಕೈ ಹಾಕಿ ನೋಡಿದ. ಓರಗಿತ್ತಿಗೆ ಎರಡೂ ಗವಸು ಹಾಕಿಸಿ ಮೆಟ್ಟಿಲು ಹತ್ತಿಸಿದ. ಅವಳು ಅಕ್ಕನ ಮುಖ ನೋಡದೆ ಹತ್ತಿದಳು. ನೋಡಿ ಮಾಡುವುದಾದರೂ ಏನಿತ್ತು? ಅವಳಿಗೂ ಮಕ್ಕಳಿದ್ದರು.

ಬಲಗೈ ಮತ್ತೆ ಬಿರಿಯಿತು. ವಾಸಿಯಾದ ಜಾಗ ಮತ್ತೆ ಸುಟ್ಟರೆ ಮೊದಲಿಗಿಂತ ಹೆಚ್ಚು ಉರಿಯುತ್ತದೆ. ರಕ್ತ ಬಂತು, ಕೀವು ಬಂತು. ಅನ್ನ ಕಲಸಲಾಗದೆ ಚಮಚ ಹಿಡಿದಳು, ಚಮಚವೂ ಜಾರಿತು. ಮಗಳೇ ತುತ್ತಿಟ್ಟಳು. ಯಂತ್ರ ಕೆಂಪು ದೀಪಕ್ಕೆ ಮರಳಿತು.

ಕೊನೆಗೆ ಆ ದೊಡ್ಡ ದಿನ ಬಂತು. ಬೇರೆ ಬೇರೆ ದೇಶದ ಅತಿಥಿಗಳು. ಸಭಾಂಗಣದಲ್ಲಿ ಅವಳ ಕೈಗಳ ಚಿತ್ರ, ಆಳೆತ್ತರಕ್ಕೆ. ಕೆಳಗೆ ನಿಂತರೆ ಒಂದೊಂದು ಬಿರುಕೂ ಒಣಗಿದ ಕೆರೆಯ ನೆಲದಷ್ಟು ಅಗಲ. ಬಂದವರೆಲ್ಲ ಅದರ ಮುಂದೆ ನಿಂತು ತಲೆಯಾಡಿಸಿ, ಲೋಟ ಹಿಡಿದು ಮುಂದಕ್ಕೆ ಹೋದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತಾರೆ. ಇಲ್ಲಿ ಗೋಡೆಯಷ್ಟು ದೊಡ್ಡ ಕನ್ನಡಿ ತಂದಿದ್ದರು, ಹುಣ್ಣಿಗೆ ಮುಲಾಮು ಮಾತ್ರ ತಂದಿರಲಿಲ್ಲ.

ಅವಳಿಗೂ ಓರಗಿತ್ತಿಗೂ ಹೊಸ ಕೋಟು ತೊಡಿಸಿ ವೇದಿಕೆ ಹತ್ತಿಸಿದರು. ಹೆಸರು ಕರೆದಾಗ ಕೈ ಎತ್ತಿ ತೋರಿಸಬೇಕು, ಅಷ್ಟೇ ಕೆಲಸ. ಓರಗಿತ್ತಿ ಎತ್ತಿದಳು. ವಾಸಿಯಾದ ಕೈ. ಚಪ್ಪಾಳೆ ಬಿತ್ತು. "ಈಗ ಗವಸಿಲ್ಲದ ಗುಂಪು," ಎಂದ ಇಂಜಿನಿಯರಿಂಗ್ ಹುಡುಗ ಮೈಕಿನಲ್ಲಿ.

ಅವಳು ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದಳು.

"ಅಮ್ಮ, ಕೈ," ಎಂದು ಪಿಸುಗುಟ್ಟಿದಳು ಡಾಕ್ಟರ್ ಹುಡುಗಿ.

"ತೋರ್ಸಲ್ಲ."

"ಅಮ್ಮ, ಪ್ಲೀಸ್. ಒಂದೇ ನಿಮಿಷ."

"ತೋರ್ಸಲ್ಲ ಅಂದೆ. ಸಾಕಷ್ಟು ನೋಡಿದೀರಿ. ಅಳತೆ ತಗೊಂಡ್ರಿ, ಫೋಟೋ ತಗೊಂಡ್ರಿ. ಇವಳು ಕೊಟ್ಟ ಗವಸನ್ನೂ ನನ್ನ ಕೈಯಿಂದ ಕಿತ್ಕೊಂಡ್ರಿ. ನಾನು ಕೇಳಿದ್ದು ಒಂದೇ ಮಾತು. ಮೇಸ್ತ್ರಿ ಅಲ್ಲೇ ನಿಂತಿದಾನೆ, ಬಾಗಿಲ ಹತ್ರ. ಕರೀರಿ. ಇಷ್ಟು ಜನದ ಮುಂದೆ ಹೇಳಿ, ಇವಳ ಕೆಲಸ ತೆಗೀಬೇಡ ಅಂತ. ಆಮೇಲೆ ಕೈ ತೋರಿಸ್ತೀನಿ. ಕಾಲು ಬೇಕಾದ್ರೂ ತೋರಿಸ್ತೀನಿ."

ಮೈಕು ಹತ್ತಿರವೇ ಇತ್ತು. ಮಾತೆಲ್ಲ ಸಭೆಗೆ ಕೇಳಿಸಿತು. ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು. ಈಗ ಯಾರಾದರೂ ಏನಾದರೂ ಹೇಳಲೇಬೇಕು ಅಂದುಕೊಂಡಳು.

ಸವಾಲು ಮೇಡಂ ಎದ್ದು ಬಂದಳು. ಕಣ್ಣು ಒದ್ದೆಯಾಗಿತ್ತು, ನಿಜವಾಗಿಯೂ. ಸಭೆಗೆ ತಿರುಗಿ ಅವರ ಭಾಷೆಯಲ್ಲೂ ನಮ್ಮ ಭಾಷೆಯಲ್ಲೂ ಹೇಳಿದಳು. "ಇದು ನಾವ್ಯಾರೂ ಕಲಿಸಲಾಗದ ಪಾಠ. ಇವರು ಬೇಡ ಎಂದಿದ್ದಾರೆ. ಈ 'ಬೇಡ'ವನ್ನು ಗೌರವಿಸುವುದೇ ನಮ್ಮ ಹೊಣೆ."

ಮುಂದಿನ ಸಾಲಿನ ಅತಿಥಿಯೊಬ್ಬ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವನ ಹಿಂದೆ ಎಲ್ಲರೂ ಎದ್ದರು.

"ಚಪ್ಪಾಳೆ ಬೇಡ!" ಎಂದು ಕೂಗಿದಳು. "ಮೇಸ್ತ್ರಿನ ಕರೀರಿ! ಕರೀರಿ ಅಂದೆ!"

ಕೂಗಿದಷ್ಟೂ ಚಪ್ಪಾಳೆ ಏರಿತು. ದೊಡ್ಡವರೆಲ್ಲ ತಟ್ಟುತ್ತಿರುವುದನ್ನು ನೋಡಿ ಬಾಗಿಲ ಬಳಿಯ ಮೇಸ್ತ್ರಿಯೂ ತಟ್ಟಿದ.

ಅಧ್ಯಯನಕ್ಕೆ ಬಹುಮಾನ ಬಂತು. ಕೈಗವಸು ಹಾಕಿದರೆ ಕೈ ಸುಡುವುದಿಲ್ಲ ಎಂಬುದು ಸಾಬೀತಾಯಿತು. ಗವಸಿನ ಪೆಟ್ಟಿಗೆಗಳು ಎರಡನೇ ಹಂತಕ್ಕೆಂದು ಇನ್ನೊಂದು ಊರಿನ ವಿಶ್ವವಿದ್ಯಾಲಯಕ್ಕೆ ಹೋದವು. ಓರಗಿತ್ತಿಯ ಜೋಡಿಯೂ ಹೋಯಿತು. ಡಾಕ್ಟರ್ ಹುಡುಗಿ ಬಂದು ಅವಳನ್ನು ಅಪ್ಪಿಕೊಂಡಳು.

"ನಿಮ್ಮಿಂದ ತುಂಬಾ ಕಲಿತೆ ಅಮ್ಮ."

"ಮೇಸ್ತ್ರಿಗೆ ಹೇಳಿದ್ಯಾ ಮಗಳೇ?"

ಹುಡುಗಿ ನೆಲ ನೋಡಿದಳು. "ವರದಿಯಲ್ಲಿ ಬರ್ದಿದೀವಿ. ಅದು ಕಂಪನಿ ವಿಷಯ ಅಮ್ಮ. ನಮ್ಮ ಕೈಯಲ್ಲಿಲ್ಲ."

ಗುತ್ತಿಗೆ ಹೊಸದಾದ ದಿನ ಮೇಸ್ತ್ರಿ ಅವಳನ್ನು ಯಂತ್ರದ ಹತ್ತಿರಕ್ಕೂ ಬಿಡಲಿಲ್ಲ. ಪಕ್ಕದಲ್ಲಿ ಹೊಸಬಳೊಬ್ಬಳು ನಿಂತಿದ್ದಳು, ಮಗಳ ವಯಸ್ಸಿನವಳು. "ಇವಳಿಗೆ ಕೆಲಸ ತೋರಿಸಿ ಹೋಗು," ಎಂದ. ಹೋಗುವವಳಿಂದಲೂ ಅರ್ಧ ದಿನದ ಕೆಲಸ ಬಿಟ್ಟಿ ತೆಗೆಯುವ ಜಾತಿ ಅದು.

ತೋರಿಸಲೇಬೇಕೆಂದು ಏನೂ ಇರಲಿಲ್ಲ. ಆದರೂ ಹೋದಳು. ಮೂರನೇ ಮಹಡಿಯ ಕಕ್ಕಸಿನಲ್ಲಿ ಆಸಿಡ್ ಬಾಟಲಿ ಮೂಲೆಯಲ್ಲಿತ್ತು. ಹೊಸಬಳು ಅದನ್ನು ಎತ್ತಿಕೊಳ್ಳಲು ಬಗ್ಗಿದಳು. ಸಣ್ಣ ಕೈ, ಮೃದು ಬೆರಳು.

"ಮುಟ್ಟಬೇಡ. ಗ್ಲೌಸ್ ಕೇಳು. ಕೊಡೋವರೆಗೂ ಮುಟ್ಟಬೇಡ."

"ಕೇಳಿದೆ ಅಕ್ಕ. ಬಂದಿಲ್ಲ ಅಂದ್ರು."

"ಹಾಗಾದ್ರೆ ಮಾಡಲ್ಲ ಅನ್ನು."

"ಅಂದ್ರೆ ಇಟ್ಕೊಳ್ತಾರಾ ಅಕ್ಕ?"

ಅವಳು ಬಾಟಲಿ ಕಸಿದುಕೊಂಡು, ಬಿರಟೆ ಕಿತ್ತು, ಪೂರ್ತಿ ಆಸಿಡನ್ನು ನೆಲದ ಜಾಲರಿಗೆ ಸುರಿದುಬಿಟ್ಟಳು. ಹೊಗೆ ಎದ್ದಿತು. ಇಬ್ಬರೂ ಕೆಮ್ಮಿದರು. ಖಾಲಿ ಬಾಟಲಿಯನ್ನು ಗೋಡೆಗೆ ಅಪ್ಪಳಿಸಿದಳು. ಅದು ಪ್ಲಾಸ್ಟಿಕ್ಕಿನದು, ಒಡೆಯಲೂ ಇಲ್ಲ.

ಹೊಸಬಳ ಮುಖ ಅಳುಮೋರೆಯಾಯಿತು. "ಯಾಕಕ್ಕ ಹೀಗೆ ಮಾಡಿದ್ರಿ? ಇವತ್ತು ನನ್ನ ಮೊದಲನೇ ದಿನ. ನಾನೇ ಚೆಲ್ಲಿದೆ ಅಂತಾರೆ."

ಓಡುತ್ತ ಕೆಳಗಿಳಿದು ಹೋದಳು. ಮೇಸ್ತ್ರಿ ಬೈಯುವುದು ಮೂರು ಮಹಡಿ ದಾಟಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ತುಂಬಿದ ಬಾಟಲಿ ಹಿಡಿದು ಏದುಸಿರು ಬಿಡುತ್ತ ಬಂದಳು. ಅವಳು ಇನ್ನೂ ಕಮೋಡಿನ ಎದುರೇ ನಿಂತಿದ್ದಳು, ಬಾಗಿಲಿಗೆ ಅಡ್ಡವಾಗಿ. ಹೊಸಬಳು ತೋಳು ಮೇಲಕ್ಕೇರಿಸಿ, ಬಿರಟೆ ತಿರುವಿ, ಮೆಲ್ಲಗೆ ಹೇಳಿದಳು.

"ಸ್ವಲ್ಪ ಸರೀರಿ ಅಕ್ಕ. ನಿಮ್ಮ ಮೈಮೇಲೆ ಹಾರುತ್ತೆ."